ಖಾಲಿ ಬಿದ್ದ ಅಡಿಕೆ ಟನಲ್, ಕೈಯಲ್ಲಿ ಖಾಲಿ ಬೇಸಿಗೆ

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಟನಲ್‌ನಲ್ಲಿ ಹಲಸಿನ ಹಪ್ಪಳ ಆಗುವುದಿಲ್ಲ ಎಂದು ನಮ್ಮೂರಲ್ಲಿ ಎಲ್ಲರೂ ಹೇಳಿದ್ದರು. ಆಗುತ್ತದೆ. ಈ ಬೇಸಿಗೆಯಲ್ಲಿ ಹತ್ತಿರ ಹತ್ತಿರ 6,000 ಹಪ್ಪಳ ಅದರಲ್ಲೇ ಒಣಗಿಸಿದ್ದೇನೆ. ಮೇ ತಿಂಗಳ ಗುಡುಗು ಮಳೆ ಸಂಜೆ ಸಂಜೆ ಸುರಿಯುವಾಗ ಅಕ್ಕಪಕ್ಕದವರು ಚಾಪೆ ಎತ್ತಿಕೊಂಡು ಓಡುತ್ತಿದ್ದರು. ನಾನು ಟನಲ್ ಬಾಗಿಲು ಹಾಕಿ ಚಹಾ ಕುಡಿಯುತ್ತಿದ್ದೆ. ಹೇಗೆ ಮಾಡಿದೆ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿ ಕಡೆಯ ಹಳ್ಳಿ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಕಾಲೇಜು ಸ್ವಾಯತ್ತ ಆದ್ದರಿಂದ ಕೊನೆಯ ಪರೀಕ್ಷೆ ಬೇಗ ಮುಗಿಯಿತು, ಏಪ್ರಿಲ್ ಶುರುವಿನಲ್ಲೇ ಮನೆಗೆ ಬಂದೆ. ಕ್ಯಾಂಪಸ್‌ನಲ್ಲಿ ಒಂದು ಕಂಪನಿ ಆಯ್ಕೆ ಮಾಡಿತ್ತು. ಸೇರುವ ದಿನಾಂಕ ಮೊದಲು ಜೂನ್ ಅಂದರು, ಆಮೇಲೆ ಆಗಸ್ಟ್, ಆಮೇಲೆ 'ತಿಳಿಸುತ್ತೇವೆ'. ನನ್ನ ಬ್ಯಾಚಿನ ಕೆಲವರು ಬೆಂಗಳೂರಲ್ಲಿ ಪಿಜಿ ಹಿಡಿದು, ತಿಂಗಳಿಗೆ ಎಂಟು ಸಾವಿರ ಕೊಟ್ಟು ಅದೇ ಮೇಲ್‌ಗೆ ಕಾಯುತ್ತಿದ್ದರು. ಮನೆಯಲ್ಲಿದ್ದರೆ ಆ ದುಡ್ಡು ಉಳಿಯುತ್ತದೆ, ಆದರೆ ಬೇರೆ ಖರ್ಚು ಇದೆ. ಮೇ ಅಂದರೆ ನಮ್ಮಲ್ಲಿ ಮದುವೆ, ಉಪನಯನದ ಕಾಲ. ಪ್ರತಿ ಪಂಕ್ತಿಯಲ್ಲೂ ಪಕ್ಕದಲ್ಲಿ ಕೂತವರು "ಮುಂದೆ ಎಂತ ಮಾಡ್ತೆ ತಮಾ?" ಅಂತ ಕೇಳುತ್ತಾರೆ. ಅಪ್ಪ ಬಾಯಿಬಿಟ್ಟು ಏನೂ ಕೇಳಲಿಲ್ಲ. ಆದರೆ ಓದಿಗೆ ತೆಗೆದ ಬ್ಯಾಂಕ್ ಸಾಲ ಇದೆ. ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ. ಅದು ಅವರ ತಲೆಯಲ್ಲೂ ಇತ್ತು, ನನ್ನ ತಲೆಯಲ್ಲೂ ಇತ್ತು.

ಅಡಿಕೆ ಕೊಯ್ಲು ಮುಗಿದ ಮೇಲೆ ಟನಲ್ ಸುಮ್ನೆ ಬಿದ್ದಿರುತ್ತದೆ. ನಮ್ಮದು ಸುಮಾರು 40 ಅಡಿ ಉದ್ದ, 15 ಅಡಿ ಅಗಲ, ಮೇಲೆ 200 ಮೈಕ್ರಾನಿನ ಯುವಿ ಹಾಳೆ, ಅಂದರೆ ಬಿಸಿಲು ತಾಳುವ ಪ್ಲಾಸ್ಟಿಕ್. ಹಾಳೆಗೆ ಮೂರು ನಾಲ್ಕು ವರ್ಷದ ಆಯಸ್ಸು. ಒಳಗೆ ಅಡಿಕೆ ಇರಲಿ ಬಿಡಲಿ, ಬಿಸಿಲಿಗೆ ಅದು ಸವೆಯುತ್ತಲೇ ಇರುತ್ತದೆ. ಆಯಿ (ಅಮ್ಮ) ಪ್ರತಿ ವರ್ಷ ಅಂಗಳದಲ್ಲಿ ಚಾಪೆ ಹಾಸಿ ಒಂದೆರಡು ಸಾವಿರ ಹಪ್ಪಳ ಮಾಡುತ್ತಾಳೆ, ಅದರಲ್ಲಿ ಮಳೆಗೆ ಸಿಕ್ಕಿ ಹಾಳಾಗುವುದು ಕಡಿಮೆಯೇನಲ್ಲ. ಇವೆರಡನ್ನು ಸೇರಿಸುವುದೇ ನನ್ನ ಯೋಚನೆ. ಹೇಳಿದ ಕೂಡಲೇ ದೊಡ್ಡಪ್ಪ "ಹಪ್ಪಳಕ್ಕೆ ಗಾಳಿ ಬೇಕು, ಪ್ಲಾಸ್ಟಿಕ್ ಬುಡದಲ್ಲಿ ಆಗ್ತಿಲ್ಲೆ" ಅಂದರು. ಈ ಮೊದಲು ಊರಲ್ಲಿ ಇಬ್ಬರು ಮೂವರು ಪ್ರಯತ್ನಿಸಿ ಬಿಟ್ಟಿದ್ದೂ ನಿಜ.

ಅವರು ಬಿಟ್ಟಿದ್ದೇಕೆ ಅನ್ನುವುದು ಹಪ್ಪಳದ ಮೊದಲ ಕಂತಿನಲ್ಲೇ ಗೊತ್ತಾಯಿತು. ಸುಮಾರು 300 ಹಪ್ಪಳ ಬೆಳಗ್ಗೆ ಹರವಿದೆವು. ಹೊರಗೆ 35 ಡಿಗ್ರಿ ಇದ್ದರೆ ಟನಲ್ ಒಳಗೆ ಮಧ್ಯಾಹ್ನ 58, 60. ಎರಡೇ ಗಂಟೆಯಲ್ಲಿ ಅಂಚು ಮೇಲೆದ್ದು, ನಡುವೆ ಸೀಳು ಬಿಟ್ಟಿತು. ಮುಟ್ಟಿದರೆ ಗಟ್ಟಿ, ಮುರಿದರೆ ಒಳಗೆ ಹಸಿ. ಮೇಲಿನ ಪದರ ಬೇಗ ಬಿಗಿದುಕೊಂಡರೆ ಒಳಗಿನ ನೀರು ಹೊರಗೆ ಬರಲು ದಾರಿ ಇರುವುದಿಲ್ಲ. ಅಡಿಕೆಗೆ ಇದು ತೊಂದರೆ ಅಲ್ಲ, ಅದು ವಾರಗಟ್ಟಲೆ ಕೂತು ಒಣಗುತ್ತದೆ. ಹಪ್ಪಳಕ್ಕೆ ಅಷ್ಟು ಸಮಯ ಇಲ್ಲ. ಎಲ್ಲವೂ ಎಮ್ಮೆಯ ಬಾನಿಗೆ ಹೋಯಿತು.

ಎರಡನೇ ಕಂತಿಗೆ ಎರಡೂ ಬಾಗಿಲು ತೆಗೆದಿಟ್ಟೆ. ಸೀಳು ನಿಂತಿತು. ಆದರೆ ಅರೆ ಒಣಗಿದ್ದನ್ನು ರಾತ್ರಿ ಒಳಗೇ ಬಿಟ್ಟೆವು. ಬೆಳಗಿನ ಜಾವ ಹಾಳೆಯ ಒಳಮೈಯಲ್ಲಿ ನೀರು ಕಟ್ಟಿ, ಹನಿ ಹನಿಯಾಗಿ ಹಪ್ಪಳದ ಮೇಲೆ ಬಿದ್ದಿತ್ತು. ಮಾರನೇ ದಿನ ಸಂಜೆಗೆ ಬಿಳಿ ಬೂಸ್ಟು. ಅದೂ ಇನ್ನೂರರ ಮೇಲೆ ಹೋಯಿತು. ಎರಡು ಕಂತು ಸೇರಿ ಕೂಲಿ, ಕೊತ್ತಂಬರಿ, ಜೀರಿಗೆ, ಗ್ಯಾಸ್ ಅಂತ 1,500 ರೂಪಾಯಿ ನೀರಿಗೆ ಬಿತ್ತು. ನೌಕರಿ ಇಲ್ಲದವನಿಗೆ ಅದು ದೊಡ್ಡ ಮೊತ್ತವೇ. ದೊಡ್ಡಪ್ಪ ಸುದ್ದಿ ಕೇಳಿ ಬಂದು ನೋಡಿಕೊಂಡು ಹೋದರು.

ಆಮೇಲೆ ಬದಲಾಯಿಸಿದ್ದು ಮೂರು ಸಂಗತಿ. ಗಾಳಿ, ನೆರಳು, ರಾತ್ರಿಯ ಜಾಗ.

ಗಾಳಿಗೆ ಕರೆಂಟ್ ಫ್ಯಾನ್ ಪ್ರಯೋಜನ ಇಲ್ಲ. ಮೇ ತಿಂಗಳಲ್ಲಿ ಗಾಳಿ ಎದ್ದರೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಬರುವುದು ಮಾರನೇ ದಿನ. ಹುಬ್ಬಳ್ಳಿ ಗುಜರಿಯಲ್ಲಿ ಹಳೇ ಕಾರಿನ ರೇಡಿಯೇಟರ್ ಫ್ಯಾನ್ ಸಿಕ್ಕಿತು, 900 ರೂಪಾಯಿ. 100 ವಾಟ್ ಸೋಲಾರ್ ಪ್ಯಾನೆಲ್ ಮೂರೂವರೆ ಸಾವಿರ. ಬ್ಯಾಟರಿ ಹಾಕಲಿಲ್ಲ, ಪ್ಯಾನೆಲ್‌ನಿಂದ ನೇರ ಫ್ಯಾನ್‌ಗೆ ವೈರ್ ಎಳೆದೆ. ಅಷ್ಟು ಪ್ಯಾನೆಲ್‌ಗೆ ಆ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುವುದಿಲ್ಲ. ನನಗೆ ಬೇಕಿದ್ದದ್ದೂ ನಿಧಾನದ ಗಾಳಿಯೇ. ಬಿಸಿಲು ಏರಿದಂತೆ ಫ್ಯಾನ್ ಜೋರಾಗುತ್ತದೆ, ಮೋಡ ಬಂದರೆ ತಾನೇ ನಿಧಾನವಾಗುತ್ತದೆ. ಟನಲ್ ಎಷ್ಟು ಕಾಯುತ್ತದೋ ಅಷ್ಟು ಗಾಳಿ ಎಳೆಯುತ್ತದೆ. ಸ್ವಿಚ್ ಬೇಡ, ಕಾವಲು ಬೇಡ. ನಾಲ್ಕು ವರ್ಷ ಓದಿದ್ದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಕೆಲಸ ಇದು. ಫ್ಯಾನ್ ಪಶ್ಚಿಮದ ತುದಿಯಲ್ಲಿ ಮೇಲೆ, ಗಾಳಿ ಒಳಬರುವ ಕಿಂಡಿ ಪೂರ್ವದ ತುದಿಯಲ್ಲಿ ಕೆಳಗೆ. ಕಿಂಡಿಯ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಬಹಳ ಒದ್ದಾಡಿದ್ದೇನೆ. ಬಂದು ನೋಡಿದವರಿಗೆ ಮರೆಮಾಚಿಲ್ಲ.

ನೆರಳಿಗೆ ನರ್ಸರಿಯವರು ಬಳಸುವ 50% ಹಸಿರು ಬಲೆ, 1,200 ರೂಪಾಯಿ. ಹಾಳೆಯ ಒಳಗಡೆ ತಂತಿಗೆ ಪೋಣಿಸಿ ಪರದೆಯ ಹಾಗೆ ಸರಿಸುವಂತೆ ಮಾಡಿದೆ. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಬಲೆ ಮುಚ್ಚಿರಬೇಕು, ಒಳಗಿನ ಕಾವು 45 ದಾಟಬಾರದು. ಹಪ್ಪಳದ ಮೇಲ್ಮೈ ಹೊಳಪು ಕಳೆದುಕೊಂಡು, ಕೆಳಗೆ ಹಾಸಿದ ಹಾಳೆಯಿಂದ ತಾನಾಗಿ ಬಿಡಿಸಿಕೊಳ್ಳುವ ಹೊತ್ತಿಗೆ ಮಗುಚಬೇಕು. ಆಮೇಲೆ ಬಲೆ ಸರಿಸಿ 55ರವರೆಗೆ ಬಿಡಬಹುದು. ಮಗುಚುವ ಹೊತ್ತು ಹಿಡಿಯಲು ಆಯಿಗೆ ಬೆರಳೇ ಸಾಕು. ನಾನು 400 ರೂಪಾಯಿಯ ಉಷ್ಣ-ತೇವಾಂಶ ಮಾಪಕ ನೇತುಹಾಕಿದ್ದೆ. ಎರಡೂ ಒಂದೇ ಹೇಳಿದವು.

ಚಾಪೆಯ ಮೇಲೆ ಹರವುವುದನ್ನೂ ಬಿಟ್ಟೆ. ಸೀಳಿದ ಅಡಿಕೆ ಮರದ ದಬ್ಬೆಯ ಚೌಕಟ್ಟಿಗೆ ನೈಲಾನ್ ಬಲೆ ಹೊಡೆದು ತಟ್ಟೆ ಮಾಡಿದೆ. ಬಲೆಗೆ ಒಂದು ಸಾವಿರ ಆಯಿತು, ದಬ್ಬೆ ತೋಟದ್ದೇ. ಮಗುಚಿದ ಮೇಲೆ ಹಪ್ಪಳ ಈ ತಟ್ಟೆಗೆ ಬರುತ್ತದೆ. ಕೆಳಗಿನಿಂದಲೂ ಗಾಳಿ ಆಡುತ್ತದೆ.

ರಾತ್ರಿಯ ವಿಷಯ ಸುಲಭ. ಸಂಜೆ ನಾಲ್ಕೂವರೆಗೆ, ಹಾಳೆ ಬೆವರುವ ಮೊದಲೇ, ಎಲ್ಲವನ್ನೂ ಹೊರಗೆ ತೆಗೆಯಬೇಕು. ಇಪ್ಪತ್ತೈದರ ಕಟ್ಟು ಮಾಡಿ, ಹತ್ತಿ ಬಟ್ಟೆ ಸುತ್ತಿ, ಮೇಲೆ ಮಣೆ ಇಟ್ಟು ಭಾರ ಹೇರಬೇಕು. ಹಳೆಯ ಕ್ರಮವೇ ಇದು. ರಾತ್ರಿ ಒಳಗಿನ ಪಸೆ ಅಂಚಿಗೆ ಹರಡಿಕೊಳ್ಳುತ್ತದೆ, ಹಪ್ಪಳ ಚಪ್ಪಟೆಯಾಗುತ್ತದೆ. ಮಾರನೇ ದಿನ ಬಲೆ ಇಲ್ಲದೆ ಮೂರು ನಾಲ್ಕು ಗಂಟೆ ಸಾಕು.

ಒಣಗಿದೆಯೋ ಇಲ್ಲವೋ ಎಂದು ಮುರಿದು ನೋಡುವುದಕ್ಕಿಂತ ತೂಕ ನೋಡುವುದು ಮೇಲು. ಹತ್ತು ಹಪ್ಪಳಕ್ಕೆ ಗುರುತು ಹಾಕಿ ತೂಗುತ್ತಿದ್ದೆ. ಹಸಿಯಲ್ಲಿ 200 ಗ್ರಾಂ ಇದ್ದದ್ದು 60–65ಕ್ಕೆ ಬಂದು ನಿಲ್ಲುತ್ತದೆ. ಒಂದು ಗಂಟೆ ಬಿಟ್ಟು ತೂಗಿದರೂ ಇಳಿಯದಿದ್ದರೆ ಮುಗಿಯಿತು. ಉಪ್ಪನ್ನು ಆಯಿಯ ಲೆಕ್ಕಕ್ಕಿಂತ ಕಾಲು ಭಾಗ ಕಡಿಮೆ ಮಾಡಿಸಿದೆ. ಉಪ್ಪು ಜಾಸ್ತಿ ಇದ್ದರೆ ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಂಡು ಹಪ್ಪಳ ಮೆತ್ತಗಾಗುತ್ತದೆ, ಅಲ್ವಾ? ಹಿಟ್ಟಿಗೆ ಇನ್ನೊಂದು ಪದಾರ್ಥ ಬೀಳುತ್ತದೆ. ಅದು ಆಯಿಯ ಗುಟ್ಟು, ನನಗೆ ಹೇಳುವ ಹಕ್ಕಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಕ್ಕೆ (ಗಟ್ಟಿ ತೊಳೆಯ ಹಲಸು) ಕಾಯಿಯ ಹಪ್ಪಳ ಚೆನ್ನಾಗಿ ಬಂತು. ಹಣ್ಣಾಗಲು ಶುರುವಾದ ಕಾಯಿಯದು ಕೆಂಪಾಗಿ, ಕರಿದರೆ ಬೇಗ ಸೀಯುತ್ತದೆ. ಕಾಡು ಮಾವಿನ ರಸವನ್ನು ತಟ್ಟೆಗೆ ಸವರಿ ಮಾಂಬಳ ಮಾಡಿದೆವು, ಟನಲ್‌ನಲ್ಲಿ ಅದರಷ್ಟು ಸಲೀಸಾಗಿ ಒಣಗಿದ್ದು ಬೇರೆ ಯಾವುದೂ ಇಲ್ಲ. ನೊಣ ಒಂದೂ ಇಲ್ಲ. ಹಲಸಿನ ಬೇಳೆ (ಬೀಜ) ಹೆಚ್ಚಿ ಒಣಗಿಸಿ ಹಿಟ್ಟು ಮಾಡಿದೆ. ದೋಸೆಗೆ ಬೆರೆಸಬಹುದು, ಆದರೆ ಸಿಪ್ಪೆ ಬಿಡಿಸುವ ಕೂಲಿ ಗಿಟ್ಟುವುದಿಲ್ಲ.

ಲಾಭ ಕೊಟ್ಟ ಪ್ರಯೋಗ ಮುರುಗಲು, ಅಂದರೆ ಕೋಕಂ. ಬೆಟ್ಟದಲ್ಲಿ ಉದುರಿ ಹೋಗುತ್ತಿದ್ದ ಹಣ್ಣು. ಸಿಪ್ಪೆಯನ್ನು ಅದರದ್ದೇ ರಸಕ್ಕೆ ಉಪ್ಪು ಹಾಕಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸುವ ಕೆಲಸ. ಅಂಗಳದಲ್ಲಾದರೆ ಮಳೆಯ ಕಾಟದಲ್ಲಿ ವಾರ ದಾಟುತ್ತದೆ. ಟನಲ್‌ನಲ್ಲಿ ನಾಲ್ಕೈದು ದಿನಕ್ಕೆ ಕಪ್ಪು ಮಿಶ್ರಿತ ಕೆಂಪು ಬಣ್ಣ ಬಂತು. ಎಂಟು ಕಿಲೋ ಆಸುಪಾಸು ಆಯಿತು, ಕಿಲೋಗೆ 250ರಂತೆ ಹೋಯಿತು. ಬೀಜ ಎತ್ತಿಟ್ಟಿದ್ದೇವೆ, ಮಳೆಗಾಲದಲ್ಲಿ ಕುದಿಸಿ ತುಪ್ಪ ತೆಗೆಯುತ್ತಾಳೆ ಆಯಿ. ಕಾಲು ಒಡೆದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

ಇನ್ನು ದುಡ್ಡು. ಒಂದು ಮಧ್ಯಮ ಗಾತ್ರದ ಹಲಸಿಗೆ ನೂರರ ಆಸುಪಾಸು ಹಪ್ಪಳ. ಅರ್ಧದಷ್ಟನ್ನು ಶಿರಸಿಯ ಅಂಗಡಿಗೆ ನೂರಕ್ಕೆ 220ರಂತೆ ಕೊಟ್ಟೆ. ಇನ್ನರ್ಧ ಬೆಂಗಳೂರಿಗೆ, ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ. ಪಿಜಿಯಲ್ಲಿ ಕಾಯುತ್ತಿದ್ದ ಅದೇ ಗೆಳೆಯರು ಆರ್ಡರ್ ಹಿಡಿದರು, ನೂರಕ್ಕೆ 350, ಪಾರ್ಸೆಲ್ ಖರ್ಚು ಕೊಳ್ಳುವವರದು. ಒಟ್ಟು 17,000 ಬಂತು. ಹಪ್ಪಳ ಒತ್ತಲು ಬಂದ ಇಬ್ಬರು ಹೆಂಗಸರ ಕೂಲಿ, ಹಾಳಾದ ಕಂತುಗಳದ್ದೂ ಸೇರಿ, ಸುಮಾರು 6,000. ಮಸಾಲೆ, ಗ್ಯಾಸ್, ಪ್ಯಾಕಿಂಗ್ 1,500. ಫ್ಯಾನ್, ಪ್ಯಾನೆಲ್, ಬಲೆ, ಮಾಪಕ ಎಲ್ಲ ಸೇರಿ 7,000. ಮುರುಗಲಿನ 2,000 ಸೇರಿಸಿದರೆ ಕೈಯಲ್ಲಿ ಉಳಿದದ್ದು 4,500ರ ಹತ್ತಿರ. ಹಲಸು ಮನೆಯ ಮರದ್ದು. ಆಯಿಯ ಮತ್ತು ನನ್ನ ಕೂಲಿ ಹಿಡಿದಿಲ್ಲ. ಹಿಡಿದರೆ ಈ ವರ್ಷ ಲಾಭ ಇಲ್ಲ. ಆದರೆ ಸಾಮಾನಿನ ದುಡ್ಡು ಒಂದೇ ಬೇಸಿಗೆಯಲ್ಲಿ ವಾಪಸ್ ಬಂದಿದೆ, ಮುಂದಿನ ವರ್ಷ ಆ ಏಳು ಸಾವಿರ ಖರ್ಚು ಇರುವುದಿಲ್ಲ. ಸಾಲದ ಕಂತಿಗೆ ಇದು ಸಾಲದು, ಗೊತ್ತು. ಆ 4,500 ಅಪ್ಪನ ಕೈಗೆ ಕೊಟ್ಟಾಗ ಅವರು ಎಣಿಸಲಿಲ್ಲ. ಟನಲ್‌ಗೆ ಇನ್ನೊಂದು ಫ್ಯಾನ್ ಬೇಕಾ ಅಂತ ಕೇಳಿದರು.

ಮದುವೆ ಮನೆಗಳಲ್ಲಿ ಪ್ರಶ್ನೆ ನಿಲ್ಲಲಿಲ್ಲ, ಬದಲಾಯಿತು. "ನಮ್ಮ ಟನಲ್ಲಿಗೂ ಫ್ಯಾನ್ ಕೂರಿಸಿ ಕೊಡ್ತ್ಯಾ?" ಅಂತ ಕೇಳಿದವರು ನಾಲ್ಕೈದು ಮಂದಿ. ಅವರಲ್ಲಿ ದೊಡ್ಡಪ್ಪನೂ ಇದ್ದಾರೆ. ಅವರ ಟನಲ್ ನಮ್ಮದಕ್ಕಿಂತ ಎತ್ತರ, ಒಂದು ಫ್ಯಾನ್ ಸಾಲುವುದಿಲ್ಲ. ಮಳೆ ಬಿಡುವು ಕೊಟ್ಟಾಗ ಅಳತೆ ಮಾಡಿ ಬಂದಿದ್ದೇನೆ. ಕೂರಿಸುವುದಕ್ಕೆ ಕೂಲಿ ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಹೇಳಿದ್ದೇನೆ, ಎಲ್ಲರೂ ಒಪ್ಪಿದ್ದಾರೆ.

ಕಂಪನಿಯ ದಿನಾಂಕ ಇನ್ನೂ ಬಂದಿಲ್ಲ. ಬಂದರೆ ಹೋಗುತ್ತೇನೆ, ಸಾಲ ತೀರಬೇಕು. ಬಲೆ ಎಳೆಯುವುದು, ಮಾಪಕ ನೋಡುವುದು ಆಯಿಗೆ ಕಲಿಸಿದ್ದೇನೆ. ಆಕೆ ಈಗ ನನಗಿಂತ ಸಲೀಸಾಗಿ ಮಾಡುತ್ತಾಳೆ. ಮುಂದಿನ ವರ್ಷ ಮಾಡಿ ನೋಡುವವರು ಮಾರ್ಚ್ ಕೊನೆಗೇ ಐವತ್ತು ಹಪ್ಪಳದ ಸಣ್ಣ ಕಂತಿನಿಂದ ಶುರು ಮಾಡಿ. ಆಗ ಆಕಾಶ ತಿಳಿಯಾಗಿರುತ್ತದೆ, ಕಾವು ಹಿಡಿತಕ್ಕೆ ಬರುತ್ತದೆ. ಮೇ ತಿಂಗಳಲ್ಲಿ ಕಲಿಯಲು ಕೂತರೆ ಹಲಸು ಹಣ್ಣಾಗಿರುತ್ತದೆ. ಜೂನ್ ಮೊದಲ ವಾರಕ್ಕೆ ಹಸಿರು ಬಲೆ ಬಿಚ್ಚಿ ಒಳಗಿಡಿ, ಇಲಿ ಕಡಿಯದ ಜಾಗದಲ್ಲಿ.