ನಮ್ಮ ಭಾಗದ ಲೇಖಕರ ಪುಸ್ತಕ ಕೊಳ್ಳುವವರಿಗೆ ಒಂದು ಸಲಹೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಯ ಹೊಸ ಲೇಖಕರ ಪುಸ್ತಕಗಳು ದೊಡ್ಡ ಅಂಗಡಿಗಳ ಕಪಾಟಿಗೆ ಬರುವುದು ಅಪರೂಪವಾದ್ದರಿಂದ, ಅವನ್ನು ಬಿಡುಗಡೆ ಸಮಾರಂಭಗಳಲ್ಲಿ ಮತ್ತು ತಾಲ್ಲೂಕು, ಜಿಲ್ಲಾ ಸಾಹಿತ್ಯ ಸಮ್ಮೇಳನಗಳ ಮಳಿಗೆಗಳಲ್ಲಿಯೇ ಹುಡುಕಬೇಕಾಗುತ್ತದೆ.

ಪುಸ್ತಕ ಕೈಗೆ ಬಂದೊಡನೆ ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ಮೊದಲ ಮುದ್ರಣದ ವರ್ಷ, ಬೆಲೆ, ಪ್ರಕಾಶಕರ ವಿಳಾಸ, ಎಷ್ಟೋ ಸಲ ‘ಪ್ರತಿಗಳು: 500’ ಎಂಬ ಸಾಲು ಕೂಡ ಅಲ್ಲಿರುತ್ತದೆ. ಪ್ರಕಾಶನದ ವಿಳಾಸವೂ ಲೇಖಕರ ಮನೆಯ ವಿಳಾಸವೂ ಒಂದೇ ಆಗಿದ್ದರೆ, ಅದು ಬಹುಮಟ್ಟಿಗೆ ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕವೇ ಆಗಿರುತ್ತದೆ. ಅಂಥದ್ದನ್ನು ನೇರವಾಗಿ ಅವರಿಂದಲೇ ಕೊಂಡರೆ ಮಾರಾಟಗಾರರ ಕಮಿಷನ್ ಉಳಿದು ಪೂರ್ಣ ಹಣ ಅವರ ಕೈಸೇರುತ್ತದೆ. ಪರಿಚಯದವರೆಂಬ ಸಲುಗೆಯಲ್ಲಿ ಗೌರವ ಪ್ರತಿ ಕೇಳುವ ರೂಢಿಯನ್ನು ದಯವಿಟ್ಟು ಬಿಡಿ. ನಾನೂ ಬಹಳ ಕಾಲ ಹಾಗೆ ಪಡೆದವನೇ, ಪಡೆದವುಗಳಲ್ಲಿ ಅರ್ಧದಷ್ಟನ್ನು ಓದಿಯೂ ಇಲ್ಲ.

ಓದಿದ ಮೇಲೆ ‘ಚೆನ್ನಾಗಿದೆ’ ಎಂದಷ್ಟೇ ಹೇಳದೆ, ಹಿಡಿಸಿದ ಕಥೆಯನ್ನೋ ಪದ್ಯವನ್ನೋ ಹೆಸರಿಸಿ ನಾಲ್ಕು ಸಾಲು ಈ ಗುಂಪಿನಲ್ಲಿ ಬರೆಯಿರಿ. ಮೊದಲ ಪುಸ್ತಕದ ಹಸ್ತಪ್ರತಿ ಇಟ್ಟುಕೊಂಡ ಯುವಕ ಯುವತಿಯರು ನಿಮಗೆ ಗೊತ್ತಿದ್ದರೆ, ಚೊಚ್ಚಲ ಕೃತಿಗಳ ಪ್ರೋತ್ಸಾಹಧನಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರವು ಅರ್ಜಿ ಕರೆದಾಗ ಅವರಿಗೆ ತಪ್ಪದೆ ತಿಳಿಸಿ.