ಕತ್ತರಿಸಿದ ಕುಡಿಯಲ್ಲಿ ಬೇರು ಬರಿಸಿ, ಕೋಶ ಬದಲಾಗುವುದನ್ನು ಕಣ್ಣಾರೆ ನೋಡಿ

ಬಣ್ಣಬಣ್ಣದ ಎಲೆಯ ಕೋಲಿಯಸ್ ಗಿಡದ ಒಂದು ಕುಡಿ ತಗೊಳ್ಳಿ, ನಾಲ್ಕು ಬೆರಳುದ್ದ ಸಾಕು. ಚೂಪಾದ ಬ್ಲೇಡಿನಿಂದ ಗೆಣ್ಣಿನ ಸ್ವಲ್ಪ ಕೆಳಗೆ ಒಂದೇ ಸಲಕ್ಕೆ ಕತ್ತರಿಸಿ. ಜಜ್ಜಿದರೆ ಕೊಳೆಯುತ್ತದೆ. ಕೆಳಗಿನ ಎಲೆಗಳನ್ನು ತೆಗೆದು, ಗೆಣ್ಣು ಮುಳುಗುವಂತೆ ನೀರಿನ ಲೋಟದಲ್ಲಿಡಿ. ನೇರ ಬಿಸಿಲು ಬೇಡ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ.

ನಿಜವಾದ ಕೆಲಸ ಶುರುವಾಗುವುದು ಈಗ. ತುದಿಯಲ್ಲಿ, ಎಳೆ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಅನ್ನೋ ಹಾರ್ಮೋನು ಯಾವಾಗಲೂ ಕೆಳಕ್ಕೆ ಹರಿಯುತ್ತಿರುತ್ತದೆ, ಈಗ ಮುಂದೆ ದಾರಿಯೇ ಇಲ್ಲ, ಹಾಗಾಗಿ ಕತ್ತರಿಸಿದ ಜಾಗದಲ್ಲೇ ಸೇರಿಕೊಳ್ಳುತ್ತದೆ. ಅಲ್ಲಿನ ಕೆಲವು ಕೋಶಗಳು ಹಳೆ ಕೆಲಸ ಬಿಟ್ಟು ಮತ್ತೆ ವಿಭಜನೆಗೆ ಇಳಿಯುತ್ತವೆ. ನಿನ್ನೆವರೆಗೂ ಕಾಂಡ, ಇವತ್ತು ಬೇರು! ಜೀನ್‌ಗಳು ಅವೇ, ಯಾವುದು ಎಚ್ಚರವಾಗಿದೆ ಅನ್ನೋದಷ್ಟೇ ಬದಲಾಗಿದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ತಪ್ಪಿಲ್ಲ.

1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅನ್ನೋ ವಿಜ್ಞಾನಿಗಳು ತಂಬಾಕಿನ ಅಂಗಾಂಶದಲ್ಲಿ ಇದರ ಲೆಕ್ಕ ತೋರಿಸಿದರು. ಸೈಟೊಕೈನಿನ್ ಅನ್ನೋ ಇನ್ನೊಂದು ಹಾರ್ಮೋನಿಗಿಂತ ಆಕ್ಸಿನ್ ತುಂಬಾ ಜಾಸ್ತಿಯಿದ್ದರೆ ಬೇರು, ಸೈಟೊಕೈನಿನ್ ಕೈ ಮೇಲಾದರೆ ಚಿಗುರು, ಪ್ರಮಾಣ ಇವೆರಡರ ನಡುವೆ ಇದ್ದರೆ ಆಕಾರವಿಲ್ಲದ ಕೋಶಗಳ ಮುದ್ದೆ, ಅದೇ ಕ್ಯಾಲಸ್. ಅದಕ್ಕೇ ತುದಿಯ ಎಳೆ ಎಲೆ ಕೀಳಬೇಡಿ, ಆಕ್ಸಿನ್ ಬರುವುದು ಅಲ್ಲಿಂದಲೇ ಅಲ್ವಾ?

ದಿನಾ ಭೂತಗನ್ನಡಿ ಹಿಡಿದು ಗೆಣ್ಣಿನ ಹತ್ತಿರ ನೋಡಿ. ಮೊದಲು ಬಿಳಿ ಗುಳ್ಳೆ ಏಳುತ್ತದೆ, ಆಮೇಲೆ ಅದು ಸಿಪ್ಪೆ ಸೀಳಿಕೊಂಡು ಬೇರಾಗಿ ಹೊರಬರುತ್ತದೆ. ಬೆರಳಗಲ ಬೆಳೆದ ಮೇಲೆ ಮಣ್ಣಿಗೆ ನೆಡಿ.