ಆಟಿಕೆಯ ಹಿಟಾಚಿ ಮುಗ್ಗರಿಸದಂತೆ ಜೋಡಿಸುವುದು ಹೇಗೆ

ನಾನು 27 ವರ್ಷ ಮಣ್ಣು ಅಗೆಯುವ ಯಂತ್ರ ನಡೆಸಿದವನು. ಮೊದಲು ಜೆಸಿಬಿ, ಆಮೇಲೆ ಚೈನಿನ ಮೇಲೆ ಓಡುವ ಹಿಟಾಚಿ. ಈಗ ಸುರತ್ಕಲ್ಲಿನ ಮನೆಯ ಜಗಲಿಯಲ್ಲಿ ಕುಳಿತು, ಆರು ವರ್ಷದ ಮೊಮ್ಮಗನ ಜೊತೆ ಅಂಗೈಯಲ್ಲಿ ಹಿಡಿಯುವಂಥ ಯಂತ್ರಗಳನ್ನು ಜೋಡಿಸುತ್ತೇನೆ. ಅಳಿಯ ತಂದುಕೊಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳ ಪೆಟ್ಟಿಗೆಯಲ್ಲಿ ಮೂರು ವಾಹನಗಳಿದ್ದವು: ಒಂದು ಹಿಟಾಚಿ, ಒಂದು ಟಿಪ್ಪರ್, ಒಂದು ಲೋಡರ್. ಮೊದಲ ಸಲ ಜೋಡಿಸಿದ ಹಿಟಾಚಿ ಕೈ ಚಾಚಿದ ಕೂಡಲೇ ಮೂಗಡಿಯಾಗಿ ಬಿದ್ದಿತು. ಮೊಮ್ಮಗ ಗಾಡಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದ. ಮರ್ಯಾದೆ ಉಳಿಸಿಕೊಳ್ಳಲು ಆಮೇಲೆ ನಾನು ಏನೇನು ಮಾಡಿದೆ ಎಂಬುದೇ ಈ ಬರಹ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಚಕ್ರದ ಮೇಲೆ ಓಡುವುದೆಲ್ಲ ಜೆಸಿಬಿ, ಚೈನಿನದ್ದೆಲ್ಲ ಹಿಟಾಚಿ. ಜೆಸಿಬಿ ಎಂದರೆ 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪೆನಿ ಕಟ್ಟಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು. ಹಿಟಾಚಿ ಜಪಾನಿನ ಕಂಪೆನಿ. ಪೆಟ್ಟಿಗೆಯ ಮೇಲೆ ಎಕ್ಸ್‌ಕವೇಟರ್ ಎಂದೋ ಡಿಗ್ಗರ್ ಎಂದೋ ಬರೆದಿರುತ್ತದೆ. ಮಗುವಿನ ಬಾಯಿಗೆ ಬಂದ ಹೆಸರನ್ನೇ ಉಳಿಸಿಕೊಳ್ಳಿ, ತಿದ್ದಲು ಹೋಗಬೇಡಿ.

ಪೆಟ್ಟಿಗೆ ಒಡೆಯುವ ಮೊದಲು ಮಗುವನ್ನು ಒಮ್ಮೆ ನಿಜವಾದ ಯಂತ್ರದ ಹತ್ತಿರ ಕರೆದುಕೊಂಡು ಹೋಗಿ. ಮಂಗಳೂರಿನಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ, ಎಲ್ಲಾದರೂ ಒಂದು ಕಡೆ ಗುಡ್ಡ ಕಡಿಯುತ್ತಲೇ ಇರುತ್ತಾರೆ. ರಸ್ತೆಯ ಈಚೆ ಬದಿಯಲ್ಲಿ, ಧೂಳು ಬಾರದ ದೂರದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಒಂದೇ ಒಂದು ಪ್ರಶ್ನೆ ಕೇಳಿ: ಬಕೆಟಿನ ಬಾಯಿ ಯಾವ ಕಡೆಗಿದೆ? ಹಿಟಾಚಿ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಬಕೆಟಿನ ಬಾಯಿ ಚಾಲಕನ ಕಡೆಗೆ. ಲೋಡರ್ ಮುಂದಕ್ಕೆ ನುಗ್ಗಿ ತುಂಬಿಕೊಳ್ಳುತ್ತದೆ, ಅದರ ಬಾಯಿ ಚಾಲಕನಿಂದ ಆಚೆಗೆ. ಆಟಿಕೆ ಜೋಡಿಸುವ ಮಕ್ಕಳಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಪೆಟ್ಟಿಗೆಯ ಜೊತೆ ಬರುವ, ಜೋಡಿಸುವ ಹೆಜ್ಜೆ ತೋರಿಸುವ ಚಿತ್ರದಲ್ಲಿ ಬಕೆಟ್ ಉಗುರಿನಷ್ಟು ಸಣ್ಣದಾಗಿ ಕಾಣುತ್ತದೆ, ತಿರುಗಿಸಿ ಹಾಕಿದರೂ ಟಕ್ ಎಂದು ಕೂತುಬಿಡುತ್ತದೆ. ಕೆಲಸ ಕಣ್ಣಿಗೆ ಬಿದ್ದಿದ್ದರೆ ಹಾಗಾಗುವುದಿಲ್ಲ. ನಾನು ಬೇಕೆಂದೇ ತಿರುಗಿಸಿ ಹಾಕಿ ಕೊಟ್ಟಾಗ ಮೊಮ್ಮಗ, "ಅಜ್ಜ, ಇದು ಮಣ್ಣನ್ನು ಆಚೆಗೆ ದೂಡುತ್ತದೆ ಅಷ್ಟೆ" ಎಂದ.

ಕೊಳ್ಳುವಾಗ ಎರಡು ಸಂಗತಿ ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳ ಮೇಲೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕಿದರೂ ಬೇಡ. ಇನ್ನೊಂದು, ವಯಸ್ಸು. ಮೂರು ವರ್ಷದೊಳಗಿನವರಿಗೆ ಅಲ್ಲ ಎಂಬ ಕೆಂಪು ಗೆರೆಯ ಚಿಹ್ನೆ ಇದ್ದರೆ ಅದು ಅಲಂಕಾರಕ್ಕೆ ಹಾಕಿದ್ದಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ, ಅವಳಿಗೆ ಜಗತ್ತಿನ ಎಲ್ಲ ವಸ್ತುಗಳೂ ತಿಂಡಿಯೇ. ಆದ್ದರಿಂದ ಅವಳು ಮಲಗಿದ ಮೇಲೆಯೇ ನಮ್ಮ ವರ್ಕ್‌ಶಾಪ್ ಬಾಗಿಲು ತೆರೆಯುತ್ತದೆ.

ಜಾಗ ಜಗಲಿಯೇ ಆಗಬೇಕು, ಹೊತ್ತು ಹಗಲೇ ಆಗಬೇಕು. ಸಂಜೆಯ ಬಲ್ಬಿನ ಬೆಳಕಿನಲ್ಲಿ ಕಪ್ಪು ಮತ್ತು ಕಡು ಬೂದು ಒಂದೇ ಆಗಿ ಕಾಣುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರಂತೂ ಮುಗಿಯಿತು. ನಮ್ಮದು ಕಾವಿ ಬಣ್ಣದ ನೆಲ. ಕೆಂಪು ತುಂಡು ಬಿದ್ದರೆ ಕಣ್ಣಿಗಿಂತ ಮೊದಲು ಕಾಲಿಗೆ ಸಿಗುತ್ತದೆ, ಅದರ ನೋವು ಅನುಭವಿಸಿದವರಿಗೇ ಗೊತ್ತು. ಅದಕ್ಕೆ ಹಳೆಯ ಬಿಳಿ ಪಂಚೆಯೊಂದನ್ನು ಹಾಸುತ್ತೇನೆ. ಕೆಲಸ ಅರ್ಧಕ್ಕೆ ನಿಂತರೆ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಮೊಳೆಗೆ ತೂಗುಹಾಕಬಹುದು. ತುಂಡುಗಳನ್ನು ವಿಂಗಡಿಸಲು ಅಂಚಿರುವ ಪಾತ್ರೆ ಬೇಕು. ನಾನು ಗೆರಸೆ ಕೇಳಿದೆ. ಹೆಂಡತಿ ಕೊಡಲಿಲ್ಲ, ಸೊಟ್ಟಾದ ಹಳೆಯ ಹರಿವಾಣ ಕೊಟ್ಟಳು. ಬಣ್ಣದ ಪ್ರಕಾರ ವಿಂಗಡಿಸಬೇಡಿ. ಇಂಥ ಸೆಟ್ಟಿನಲ್ಲಿ ಮುಕ್ಕಾಲು ಪಾಲು ಹಳದಿಯೇ ಇರುತ್ತದೆ, ಹಳದಿಯ ರಾಶಿಯಲ್ಲಿ ಹಳದಿಯನ್ನು ಹುಡುಕುವ ಗತಿ ಬರುತ್ತದೆ. ಆಕಾರದ ಪ್ರಕಾರ ಮಾಡಿ: ದಪ್ಪ ಇಟ್ಟಿಗೆ ಒಂದು ಕಡೆ, ತೆಳು ಹಲಗೆ ಒಂದು ಕಡೆ, ಚಕ್ರ ಮತ್ತು ಕೀಲುಗಳು ಒಂದು ಕಡೆ, ಉಗುರಿಗಿಂತ ಸಣ್ಣವು ಒಂದು ಬಟ್ಟಲಿನಲ್ಲಿ.

ಇಟ್ಟಿಗೆಯ ತಲೆಯ ಮೇಲಿನ ಗುಂಡನೆಯ ಉಬ್ಬನ್ನು ಮೊಮ್ಮಗ ಬಟನ್ ಎನ್ನುತ್ತಾನೆ. ನಾನೂ ಹಾಗೇ ಎನ್ನುತ್ತೇನೆ. ಒಂದು ಬಟನ್ನಿನ ನಡುವಿನಿಂದ ಪಕ್ಕದ ಬಟನ್ನಿನ ನಡುವಿಗೆ 8 ಮಿಲಿಮೀಟರ್. ದಪ್ಪ ಇಟ್ಟಿಗೆಯ ಎತ್ತರ, ಬಟನ್ ಬಿಟ್ಟು, 9.6 ಮಿಲಿಮೀಟರ್, ತೆಳು ಹಲಗೆಯದು 3.2. ಅಂದರೆ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಲೆಗೊ ಕಂಪೆನಿ ಈ ಇಟ್ಟಿಗೆಯ ಪೇಟೆಂಟಿಗೆ ಡೆನ್ಮಾರ್ಕಿನಲ್ಲಿ ಅರ್ಜಿ ಹಾಕಿದ್ದು 1958ರ ಜನವರಿ 28ರಂದು; ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂರುತ್ತದೆ. ಅಳತೆ ಎಂದರೆ ಹೀಗಿರಬೇಕು. ಬೇರೆ ಕಂಪೆನಿಗಳು ಮಾಡುವ ಇಟ್ಟಿಗೆಗಳಲ್ಲೂ ಬಹುಪಾಲು ಇದೇ ಅಳತೆಯವು. ಮೂರು ಹಲಗೆ ಒಂದು ಇಟ್ಟಿಗೆ ಎಂಬ ಲೆಕ್ಕ ಮಗುವಿಗೆ ಗೊತ್ತಿದ್ದರೆ, ಒಂದು ಇಟ್ಟಿಗೆ ಕಳೆದುಹೋದ ದಿನ ಅಳು ಬರುವುದಿಲ್ಲ.

ಕೆಳಗಿನ ಚೌಕಟ್ಟಿನಿಂದ, ಅಂದರೆ ಚಾಸಿಯಿಂದ ಶುರುಮಾಡಿ. ನಮ್ಮ ಊರಿನಲ್ಲಿ ಕೆಂಪುಕಲ್ಲಿನ ಗೋಡೆ ಕಟ್ಟುವುದನ್ನು ನೋಡಿದವರಿಗೆ ಇದು ಸುಲಭ. ಮೇಸ್ತ್ರಿ ಕೆಳಸಾಲಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲ್ಸಾಲಿನ ಕಲ್ಲಿನ ಹೊಟ್ಟೆ ಬರುವಂತೆ ಇಡುತ್ತಾನೆ. ಸಂದಿನ ಮೇಲೆ ಸಂದು ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಚಾಸಿಗೂ ಅದೇ ನಿಯಮ, ಟಿಪ್ಪರಿನ ತೊಟ್ಟಿಯ ಗೋಡೆಗೂ ಅದೇ. ಚಿತ್ರ ನೋಡಿ ಮಾಡುವಾಗ ಈ ಹೆಣಿಗೆ ತಾನಾಗಿಯೇ ಬರುತ್ತದೆ. ಚಿತ್ರ ಬದಿಗಿಟ್ಟು ಸ್ವಂತ ಗಾಡಿ ಕಟ್ಟುವಾಗ ಮಾತ್ರ ನೆನಪಿಟ್ಟುಕೊಳ್ಳಬೇಕು.

ಒತ್ತುವ ರೀತಿಯನ್ನೂ ಕಲಿಸಬೇಕು. ಮಗು ಗಾಡಿಯನ್ನು ಗಾಳಿಯಲ್ಲಿ ಹಿಡಿದು ಎರಡು ಕೈಯಲ್ಲಿ ಹಿಸುಕುತ್ತದೆ, ಮೇಲಿನದು ಕೂರುವಾಗ ಕೆಳಗಿನದು ಕಳಚುತ್ತದೆ. ಮಣೆಯ ಮೇಲಿಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಲಿ. ಪ್ರತಿ ನಾಲ್ಕೈದು ಹೆಜ್ಜೆಗೊಮ್ಮೆ ಗಾಡಿಯನ್ನು ಮಗುಚಿ ಎರಡೂ ಬದಿಯ ಬಟನ್ ಎಣಿಸಿ. ಒಂದೇ ಒಂದು ಬಟನ್ ಆಚೀಚೆಯಾದರೆ ಅದು ಆ ಹೆಜ್ಜೆಯಲ್ಲಿ ಗೊತ್ತಾಗುವುದಿಲ್ಲ. ಹತ್ತು ಹೆಜ್ಜೆ ಕಳೆದು ಕ್ಯಾಬಿನ್ ಕೂರಿಸಲು ಹೋದಾಗ ಗೊತ್ತಾಗುತ್ತದೆ. ಆಗ ಬಿಚ್ಚಬೇಕು. ಅಂಟಿಕೊಂಡ ಎರಡು ಹಲಗೆಗಳನ್ನು ಹಲ್ಲಿನಿಂದ ಬಿಡಿಸಬೇಡಿ (ನನ್ನ ಹಲ್ಲಿನ ಗುರುತು ಇರುವ ಹಲಗೆಯೊಂದು ಇನ್ನೂ ಸೆಟ್ಟಿನಲ್ಲಿದೆ). ಮೇಲಿನ ಹಲಗೆಗೆ ಒಂದು ದಪ್ಪ ಇಟ್ಟಿಗೆ, ಕೆಳಗಿನದಕ್ಕೆ ಇನ್ನೊಂದು ಸಿಕ್ಕಿಸಿ, ಎರಡನ್ನೂ ಹಿಡಿಯಾಗಿ ಹಿಡಿದು ವಾಲಿಸಿದರೆ ಬಿಟ್ಟುಕೊಳ್ಳುತ್ತವೆ.

ಚಕ್ರಕ್ಕೆ ಒಂದೇ ಪರೀಕ್ಷೆ. ಮಣೆಯ ಒಂದು ತುದಿಯನ್ನು ಎತ್ತಿ ಹಿಡಿದು ಟಿಪ್ಪರನ್ನು ಬಿಡಿ, ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿದೆ, ಇಲ್ಲವೇ ಅಚ್ಚಿಗೆ ಕೂದಲು ಸುತ್ತಿದೆ. ಸೂಜಿಯ ತುದಿಯಿಂದ ತೆಗೆಯಿರಿ.

ಇನ್ನು ಬಿದ್ದುಹೋದ ಹಿಟಾಚಿಯ ವಿಷಯ. ನಿಜವಾದ ಯಂತ್ರದಲ್ಲಿ ಮುಂದಿನ ಕೈ ಮೂರು ತುಂಡು: ಬುಡದಲ್ಲಿ ಬೂಮ್, ಅದರ ತುದಿಗೆ ಆರ್ಮ್, ಕೊನೆಗೆ ಬಕೆಟ್. ಕೈ ಚಾಚಿದಷ್ಟೂ ಮುಂದಿನ ಭಾರದ ಎಳೆತ ಹೆಚ್ಚು. ಅದಕ್ಕಾಗಿ 20 ಟನ್ನಿನ ಹಿಟಾಚಿಯ ಬೆನ್ನಿನಲ್ಲಿ ಬರೀ ತೂಕಕ್ಕೆಂದೇ ಸುಮಾರು 4 ಟನ್ನಿನ ಗಟ್ಟಿ ಇರುತ್ತದೆ. ಕೌಂಟರ್ ವೇಟ್ ಎನ್ನುತ್ತೇವೆ. ಆಟಿಕೆಯ ಬೆನ್ನು ಪೊಳ್ಳು. ಪ್ಲಾಸ್ಟಿಕ್ಕಿಗೆ ಎಷ್ಟು ತೂಕವಿದ್ದೀತು?

ನಮ್ಮ ಹಿಟಾಚಿಯ ಬೆನ್ನು ಆರು ಬಟನ್ ಅಗಲ. ಎರಡು ಬದಿಯ ಗೋಡೆ ಕಳೆದರೆ ಒಳಗೆ ನಾಲ್ಕು ಬಟನ್, ಅಂದರೆ 32 ಮಿಲಿಮೀಟರ್ ಜಾಗ. 2011ರ ಸರಣಿಯ ಐದು ರೂಪಾಯಿ ನಾಣ್ಯದ ಅಗಲ 23 ಮಿಲಿಮೀಟರ್, ತೂಕ 6 ಗ್ರಾಂ. ಎಂಜಿನ್ನಿನ ಮುಚ್ಚಳ ತೆಗೆದು ಒಂದು ನಾಣ್ಯ ಇಟ್ಟೆ. ಬೂಮ್ ಪೂರ್ತಿ ಚಾಚಿದರೆ ಚೈನುಗಳ ಮುಂದಿನ ತುದಿ ಮೆಲ್ಲನೆ ಒತ್ತಿಕೊಂಡು ಹಿಂದಿನ ತುದಿ ಕೂದಲೆಳೆಯಷ್ಟು ಎದ್ದಿತು. ಎರಡನೆಯದನ್ನು ಇಟ್ಟೆ, ನಿಂತಿತು. ಆಸೆ ಹೆಚ್ಚಾಗಿ ಮೂರನೆಯದನ್ನು ಇಟ್ಟಾಗ, ಬೂಮ್ ಮೇಲೆತ್ತಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚಿತು. ಹಾಗಾಗಿ ಎರಡೇ. ನಾಣ್ಯಗಳನ್ನು ಆದಷ್ಟು ಹಿಂದಿನ ಗೋಡೆಗೆ ಒತ್ತಿ ಇಡಬೇಕು. ನಡುವಿಗೆ ಬಂದರೆ ಅದೇ ತೂಕ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಉಳಿದ ಜಾಗಕ್ಕೆ ಪತ್ರಿಕೆಯ ತುಂಡೊಂದನ್ನು ಮಡಚಿ ತುರುಕಿದೆ, ಇಲ್ಲದಿದ್ದರೆ ಗಾಡಿ ತಿರುಗಿದಾಗಲೆಲ್ಲ ಹುಂಡಿ ಡಬ್ಬಿಯಂತೆ ಸದ್ದು. ಮೇಲೆ ಉದ್ದದ ಹಲಗೆ ಒತ್ತಿ ಮುಚ್ಚಿದೆ. ನಿಮ್ಮ ಗಾಡಿ ನಾಲ್ಕು ಬಟನ್ ಅಗಲದ್ದಾದರೆ ನಾಣ್ಯ ಹಿಡಿಸುವುದಿಲ್ಲ. ಪೊಳ್ಳನ್ನು ಸಣ್ಣ ಇಟ್ಟಿಗೆಗಳಿಂದ ಗಟ್ಟಿಯಾಗಿ ತುಂಬಿ, ಬೂಮನ್ನು ಒಂದು ಬಟನ್ ಹಿಂದಕ್ಕೆ ತನ್ನಿ.

ಪರೀಕ್ಷೆ ಮಾಡುವಾಗ ಗಾಡಿಯ ಮುಂದಕ್ಕೆ ಮಾತ್ರ ಚಾಚಿ ನೋಡಿದರೆ ಸಾಲದು. ಕ್ಯಾಬಿನನ್ನು ಕಾಲು ಸುತ್ತು ತಿರುಗಿಸಿ, ಬೂಮ್ ಚೈನಿಗೆ ಅಡ್ಡವಾಗಲಿ. ಚೈನಿನ ಉದ್ದಕ್ಕಿಂತ ಎರಡು ಚೈನುಗಳ ನಡುವಿನ ಅಗಲ ಕಡಿಮೆ, ಆದ್ದರಿಂದ ಗಾಡಿ ಬೀಳುವುದಾದರೆ ಆ ಕಡೆಗೇ ಬೀಳುತ್ತದೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ನಾನು ಮೊದಲ ದಿನ ಹೇಳುತ್ತಿದ್ದುದು ಇದನ್ನೇ. ಮೊಮ್ಮಗ ಅಡ್ಡಕ್ಕೆ ತಿರುಗಿಸಿ, ಬಕೆಟಿಗೆ ಏಳು ಹೆಸರುಕಾಳು ಹಾಕಿ, ಉಸಿರು ಬಿಗಿಹಿಡಿದು ಕೈ ಬಿಟ್ಟ. ನಿಂತಿತು. ಎಂಟನೆಯದಕ್ಕೂ ನಿಂತಿತು.

ಬೂಮಿನ ಕೀಲು ಸಡಿಲವಾಗಿ ಕೈ ತಾನಾಗಿ ಇಳಿಯುತ್ತಿದ್ದರೆ ಅಂಟು ಹಾಕಬೇಡಿ. ಕೀಲನ್ನು ಬಿಚ್ಚಿ ಒಣಬಟ್ಟೆಯಿಂದ ಒರೆಸಿ. ಎಣ್ಣೆ ಕೈಯಲ್ಲಿ ಚಕ್ಕುಲಿ ತಿಂದು ಜೋಡಿಸಿದ ಗಾಡಿಯ ರೋಗ ಅದು.

ತುಂಬಲು ಏನು ಕೊಡಬೇಕು ಎಂಬುದಕ್ಕೂ ನಿಯಮ ಬೇಕು. ಹೆಸರುಕಾಳು, ಅಕ್ಕಿ ಸರಿ. ಚೆನ್ನೆಮಣೆಯ ಮಂಜೊಟ್ಟಿ ಬೀಜ ನೋಡಲು ಚೆಂದ, ಆದರೆ ಸಣ್ಣ ಮಗು ಮನೆಯಲ್ಲಿದ್ದರೆ ಬೇಡ. ಗುಲಗಂಜಿಯಂತೂ ಬೇಡವೇ ಬೇಡ, ಅದು ವಿಷ. ಮರಳು? ಒಂದು ಭಾನುವಾರ ಮೊಮ್ಮಗನ ಹಟಕ್ಕೆ ಮಣಿದು ಟಿಪ್ಪರನ್ನು ಪಣಂಬೂರು ಕಡಲತೀರಕ್ಕೆ ಒಯ್ದೆ. ಅಲ್ಲಿ ಅವನಿಗೆ ಸ್ವರ್ಗ, ಮನೆಯಲ್ಲಿ ನನಗೆ ಎರಡು ದಿನದ ಕೆಲಸ. ಅಚ್ಚಿನಲ್ಲಿ ಹೊಕ್ಕ ಮರಳು ಚಕ್ರ ತಿರುಗಿದಾಗಲೆಲ್ಲ ಪ್ಲಾಸ್ಟಿಕ್ಕನ್ನು ತೇಯುತ್ತದೆ. ಪೂರ್ತಿ ಬಿಚ್ಚಿ, ಬಕೆಟಿನಲ್ಲಿ (ಸ್ನಾನದ ಬಕೆಟ್, ಹಿಟಾಚಿಯದ್ದಲ್ಲ) ಸಾಬೂನು ನೀರು ಹಾಕಿ ತೊಳೆದೆ. ನೀರು 40 ಡಿಗ್ರಿ ದಾಟಬಾರದು. ಕೈಗೆ ಬೆಚ್ಚಗೆ ಅನಿಸಿದರೆ ಅಷ್ಟೇ ಸಾಕು, ಹಂಡೆಯ ಬಿಸಿನೀರು ಬೇಡ. ಆಮೇಲೆ ಬೈರಾಸಿನ (ಟವೆಲಿನ) ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಬಿಸಿಲಿಗೆ ಹಾಕಿದರೆ ಬಣ್ಣ ಕೆಡುತ್ತದೆ. ಸ್ಟಿಕ್ಕರ್ ಅಂಟಿಸಿದ ತುಂಡುಗಳನ್ನು ನೀರಿಗೆ ಹಾಕದೆ ಬಟ್ಟೆಯಲ್ಲಿ ಒರೆಸಿ.

ಜೂನ್ ಬಂತೆಂದರೆ ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ. ಅದನ್ನು ಎಸೆದು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಡುಗಳನ್ನು ಹಾಕಿ. ಚಿತ್ರದ ಪುಸ್ತಕದ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಹರಿವಾಣದಲ್ಲಿ ಕೆಲವು ಪುಟ್ಟ ತುಂಡುಗಳು ಉಳಿದರೆ ಗಾಬರಿಯಾಗಬೇಡಿ. ಕಳೆದುಹೋಗುವಷ್ಟು ಸಣ್ಣವನ್ನು ಪೆಟ್ಟಿಗೆಯಲ್ಲಿ ಒಂದೊಂದು ಹೆಚ್ಚಿಗೆ ಹಾಕಿರುತ್ತಾರೆ. ದಪ್ಪ ಇಟ್ಟಿಗೆ ಉಳಿದರೆ ಮಾತ್ರ ಹಿಂದಿನ ಪುಟಗಳನ್ನು ತಿರುವಿ ನೋಡಿ. ನಮಗೆ ಉಳಿದದ್ದು ನಾಲ್ಕು: ಎರಡು ಹಳದಿ, ಒಂದು ಬೂದು, ಲೈಟಿಗೆಂದು ಕೊಟ್ಟ ಪಾರದರ್ಶಕ ಕಿತ್ತಳೆ ಬಣ್ಣದ್ದೊಂದು. ಹಳದಿ, ಬೂದನ್ನು ಡಬ್ಬಿಗೆ ಹಾಕಿದೆ. ಕಿತ್ತಳೆಯದನ್ನು ಮೊಮ್ಮಗ ಕೊಡಲಿಲ್ಲ, ಟಿಪ್ಪರಿನ ನೆತ್ತಿಯ ಮೇಲೆ ಕೂರಿಸಿ, "ಇದು ರಾತ್ರಿ ಪಾಳಿಗೆ, ಅಜ್ಜ" ಎಂದ.